ಮರಳುಗಾಡಿಗೆ ಇಳಿದ ಎಮೆಲ್ಡಕ್ಕ

ಎಮೆಲ್ಡಕ್ಕ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರ ಪರಿಚಯವಾದರೆ ಅವರೇ ಮೊದಲು ಹೇಳಿಕೊಳ್ಳುವುದು ಇದನ್ನೇ. "ನಾನು ಮೂರು ಸಲ ಫೇಲು. ನಾಲ್ಕನೇ ಸಲ ಆ ಆಫೀಸರಿಗೇ ನನ್ನ ಮುಖ ನೋಡಿ ಸಾಕಾಗಿ ಪಾಸು ಮಾಡಿದ್ರು" ಎಂದು ಹೇಳಿ, ಎದುರಿನವರಿಗಿಂತ ಮೊದಲು ತಾವೇ ನಗುತ್ತಾರೆ.

ಅವರು ಮಲೇಷ್ಯಾದ ಮೆಲಾಕಾದಲ್ಲಿರುವ ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಲ್ಯಾಬಿನ ಇನ್‌ಚಾರ್ಜ್. ನಾನು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ಫಿಸಿಯಾಲಜಿ ಪಾಠ ಮಾಡುವ ಅನಂತಪದ್ಮನಾಭ ಭಟ್. ಅವರ ಊರು ಕಿನ್ನಿಗೋಳಿ, ನನ್ನದು ಉಡುಪಿಯ ಹತ್ತಿರ ಕಟಪಾಡಿ. ಇಷ್ಟು ದೂರದ ದೇಶದಲ್ಲಿ ಕಟಪಾಡಿಗೂ ಕಿನ್ನಿಗೋಳಿಗೂ ನಡುವಿನ ಅಂತರ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ನಾವು ಒಂದೇ ಊರಿನವರು. ಅವರಿಗೆ ನಾನು 'ಭಟ್ರು', ನನಗೆ ಅವರು 'ಎಮೆಲ್ಡಕ್ಕ'. ಅವರ ವಯಸ್ಸು ಐವತ್ತೈದು. ಗಿಡ್ಡ ಆಳು, ಕತ್ತರಿಸಿದ ಕೂದಲು, ಯಾವಾಗಲೂ ಅವಸರದ ನಡಿಗೆ. ಆದರೆ ಲ್ಯಾಬಿನ ಯಂತ್ರದ ಮುಂದೆ ಕೂತರೆ ಬೇರೆಯೇ ಹೆಂಗಸು. ರೋಗಿಯ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿ ಕೂದಲಿಗಿಂತ ತೆಳ್ಳಗೆ ಸೀಳುವ ಯಂತ್ರ ಅದು. ಚಕ್ರವನ್ನು ಒಂದೇ ಹದದಲ್ಲಿ ತಿರುಗಿಸಬೇಕು, ಒಂಚೂರು ಎಳೆದರೆ ತುಣುಕು ಹರಿದುಹೋಗುತ್ತದೆ. ಎಮೆಲ್ಡಕ್ಕ ಸೀಳಿದ್ದು ಹರಿದದ್ದನ್ನು ನಾನು ನೋಡಿಲ್ಲ.

ಅವರು ಕಾರು ಕಲಿಯಲು ಹೊರಟದ್ದು ನಲವತ್ತೇಳನೇ ವಯಸ್ಸಿನಲ್ಲಿ. ಅದಕ್ಕೊಂದು ಕಾರಣವಿತ್ತು.

ಆ ಹೊತ್ತಿಗೆ ಮಲೇಷ್ಯಾಕ್ಕೆ ಬಂದು ಹನ್ನೊಂದು ವರ್ಷ ಆಗಿತ್ತು. ಗಂಡ ಹೆನ್ರಿ ಸರ್ ಫಾರ್ಮಕಾಲಜಿ ಪ್ರೊಫೆಸರು. ಮನೆಯಲ್ಲಿ ಕಾರಿತ್ತು, ಓಡಿಸುವವರು ಅವರು. ಮಾರ್ಕೆಟ್ಟಿಗೆ, ಇಗರ್ಜಿಗೆ, ಮಗಳು ಶರಲ್‌ಳ ಶಾಲೆಗೆ, ಎಲ್ಲದಕ್ಕೂ ಅವರ ಟೈಮು ನೋಡಿ ಹೊರಡಬೇಕಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಕಿನ್ನಿಗೋಳಿಯಿಂದ ತಮ್ಮನ ಫೋನು ಬಂತು. ಅಮ್ಮನಿಗೆ ತೀರಾ ಕಷ್ಟ, ಕೂಡಲೇ ಹೊರಟು ಬಾ. ಹೆನ್ರಿ ಸರ್ ಪರೀಕ್ಷೆ ನಡೆಸಲು ಕುಚಿಂಗ್‌ಗೆ ಹೋಗಿದ್ದರು, ನಡುವೆ ಸಮುದ್ರ. ಹೊರಗೆ ಧಾರಾಕಾರ ಮಳೆ. ಬುಕ್ ಮಾಡಿದ ಎರಡು ಟ್ಯಾಕ್ಸಿಯೂ ಬರಲಿಲ್ಲ. ಕಾರು ಮನೆಯ ಪೋರ್ಚಿನಲ್ಲೇ ನಿಂತಿತ್ತು, ಕೀಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಮೂರನೇ ಟ್ಯಾಕ್ಸಿ ಸಿಕ್ಕಿ ಏರ್‌ಪೋರ್ಟ್ ಮುಟ್ಟುವಾಗ ವಿಮಾನ ಹಾರಿಯಾಗಿತ್ತು. ಮರುದಿನ ಚೆನ್ನೈ ಮೇಲೆ ಸುತ್ತಿ ಊರು ಸೇರುವಷ್ಟರಲ್ಲಿ ಇಗರ್ಜಿಯ ಹಿತ್ತಿಲಲ್ಲಿ ಎಲ್ಲ ಮುಗಿದಿತ್ತು.

"ಮಣ್ಣು ಇನ್ನೂ ಒದ್ದೆ ಇತ್ತು ಭಟ್ರೇ" ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದಾರೆ. "ನಾನು ಅಲ್ಲಿ ನಿಂತು ಅಮ್ಮನನ್ನು ನೆನೆಸ್ಬೇಕಲ್ವಾ? ನನಗೆ ಆ ಕೀಲಿಯೇ ಕಣ್ಣಿಗೆ ಕಟ್ತಿತ್ತು."

ವಾಪಸ್ ಬಂದವರೇ ಡ್ರೈವಿಂಗ್ ಶಾಲೆಗೆ ಸೇರಿದರು. ಇಲ್ಲಿನ ಪರೀಕ್ಷೆಯಲ್ಲಿ ಒಂದು ಕೃತಕ ದಿಬ್ಬ ಇರುತ್ತದೆ. ಅದರ ನಡುವೆ ಹಳದಿ ಗೆರೆಯ ಮೇಲೆ ಗಾಡಿ ನಿಲ್ಲಿಸಿ, ಒಂಚೂರೂ ಹಿಂದೆ ಜಾರದ ಹಾಗೆ ಮತ್ತೆ ಮುಂದೆ ಹೋಗಬೇಕು. ಎಮೆಲ್ಡಕ್ಕ ಮೂರು ಸಲವೂ ಹಿಂದೆ ಜಾರಿದ್ದು ಆ ದಿಬ್ಬದಲ್ಲಿ. ನಾಲ್ಕನೇ ಸಲ ಪಾಸಾದ ಸಂಜೆ ಲ್ಯಾಬಿನವರಿಗೆಲ್ಲ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಪರೋಟದಂಥ ರೊಟ್ಟಿ ಚನಾಯ್ ತಪಾವ್ ಮಾಡಿಸಿಕೊಂಡು, ಪೊಟ್ಟಣಗಳನ್ನು ತಾವೇ ಕಾರಿನಲ್ಲಿ ಹಾಕಿಕೊಂಡು ಬಂದು ಹಂಚಿದರು.

ಜೀಪು ಬಂದದ್ದು ಅದಾದ ಐದು ವರ್ಷಕ್ಕೆ. ಊರಿಗೆ ಮರಳುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ಹೆನ್ರಿ ಸರ್ ಒಂದು ಹಳೆಯ ಜಪಾನಿ ಜೀಪು ತೆಗೆದುಕೊಂಡರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಡೀಸೆಲ್ ಇಂಜಿನ್ನು, ಗೇರಿನ ಪಕ್ಕ ಇನ್ನೊಂದು ಚಿಕ್ಕ ಗೇರು. ಆ ಚಿಕ್ಕ ಗೇರು ಯಾಕಿದೆ ಎಂದು ಹೆನ್ರಿ ಸರ್ ಕೇಳಲೂ ಇಲ್ಲ, ಮುಟ್ಟಲೂ ಇಲ್ಲ.

ಒಂದು ಭಾನುವಾರ ಪೂಜೆ ಮುಗಿಸಿ ಗಂಡ ಹೆಂಡತಿ ಕ್ಲೆಬಾಂಗ್ ಕಡಲತಡಿಗೆ ಎಳನೀರಿನ ಶೇಕ್ ಕುಡಿಯಲು ಹೋದರು. ಸಮುದ್ರಕ್ಕೆ ಮರಳು ತುಂಬಿಸಿ ಮಾಡಿದ ಬಯಲು ಅಲ್ಲಿದೆ, ಗಾಳಿಗೆ ಮರಳು ಗುಡ್ಡೆಗುಡ್ಡೆಯಾಗಿ ಕೂತಿರುತ್ತದೆ. ಹೆನ್ರಿ ಸರ್ ಫೋಟೋ ತೆಗೆಯಲು ಜೀಪನ್ನು ಮರಳಿನ ಮೇಲೆ ಇಳಿಸಿದರು. ಇಳಿದದ್ದು ಹತ್ತಲಿಲ್ಲ. ಆಕ್ಸಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡಿತು.

ಹತ್ತಿರದಲ್ಲಿ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ ಮಾರುತ್ತಿದ್ದ ಮುದುಕರೊಬ್ಬರು ಕೈ ಒರೆಸಿಕೊಳ್ಳುತ್ತಾ ಬಂದರು. ಹೆಸರು ಹಾಶಿಮ್. ಎಲ್ಲರೂ ಕರೆಯುವುದು ಪಾಕ್ ಹಾಶಿಮ್ ಎಂದು, ಪಾಕ್ ಅಂದರೆ ಇಲ್ಲಿ ಹಿರಿಯರಿಗೆ ಸೇರಿಸುವ ಮರ್ಯಾದೆಯ ಮಾತು. ಸೈನ್ಯದ ಗಾಡಿಗಳ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೆನ್ರಿ ಸರ್ ತಳ್ಳಲು ಜನ ಬೇಕೇನೋ ಎಂದು ಸುತ್ತ ನೋಡುತ್ತಿದ್ದರೆ ಪಾಕ್ ಹಾಶಿಮ್ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಗಾಳಿ ಬಿಡತೊಡಗಿದರು. ನಾಲ್ಕೂ ಟೈರಿನದ್ದು ಅರ್ಧಕ್ಕರ್ಧ ಬಿಟ್ಟರು. ಕೈಯಿಂದಲೇ ಚಕ್ರದ ಹಿಂದಿನ ಮರಳು ಬಗೆದರು. ಆಮೇಲೆ ಒಳಗೆ ಕೂತು, ಚಿಕ್ಕ ಗೇರು ಎಳೆದು, ಬಂದ ಹಾದಿಯಲ್ಲೇ ನಿಧಾನಕ್ಕೆ ಹಿಂದೆ ಹೋಗಿ ಗಟ್ಟಿ ನೆಲ ಸೇರಿಸಿಬಿಟ್ಟರು. ಇಂಜಿನ್ನಿನ ಸದ್ದು ಏರಲೂ ಇಲ್ಲ.

ಹೆನ್ರಿ ಸರ್ ಥ್ಯಾಂಕ್ಯೂ ಹೇಳಿ ಹೊರಡುವ ಗಡಿಬಿಡಿಯಲ್ಲಿದ್ದರು. ಎಮೆಲ್ಡಕ್ಕ ಕದಲಲಿಲ್ಲ.

"ಪಾಕ್, ಇದನ್ನು ನನಗೆ ಕಲಿಸ್ತೀರಾ?" ಎಂದು ತಮ್ಮ ಹರಕು ಮಲಯ್ ಭಾಷೆಯಲ್ಲಿ ಕೇಳಿದರು.

ಮುದುಕರು ಹೆನ್ರಿ ಸರ್ ಮುಖ ನೋಡಿದರು. ಹೆನ್ರಿ ಸರ್ ಆಕಾಶ ನೋಡಿದರು.

ಮುಂದಿನ ಭಾನುವಾರದಿಂದ ಪಾಠ ಶುರು. ಮೊದಲ ದಿನ ಪಾಕ್ ಹಾಶಿಮ್ ಗಾಡಿ ಮುಟ್ಟಲಿಕ್ಕೇ ಬಿಡಲಿಲ್ಲ. ಚಪ್ಪಲಿ ಬಿಚ್ಚಿಸಿ ಮರಳಿನ ಮೇಲೆ ಒಂದು ಗಂಟೆ ನಡೆಸಿದರು. ಎಲ್ಲಿ ಹಿಮ್ಮಡಿ ಹೂತುಹೋಗುತ್ತದೆ, ಎಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ತಂಪಿನಲ್ಲಿ ಹೇಗಿರುತ್ತದೆ, ಬಿಸಿಲೇರಿದ ಮೇಲೆ ಹೇಗೆ ಸಡಿಲಾಗುತ್ತದೆ. ಗಾಳಿ ಹೊಡೆವ ಮಗ್ಗುಲು ಯಾಕೆ ಗಟ್ಟಿ, ಮರೆಯ ಮಗ್ಗುಲು ಯಾಕೆ ಮೆತ್ತಗೆ. ಆಮೇಲಿನ ವಾರಗಳಲ್ಲಿ ಗಾಡಿ ಪಾಠ. ಬ್ರೇಕ್ ಒತ್ತಬಾರದು, ತಾನಾಗಿ ನಿಲ್ಲಲು ಬಿಡಬೇಕು. ಸ್ಟೇರಿಂಗ್ ಜಗ್ಗಬಾರದು. ಚಕ್ರ ಸುತ್ತತೊಡಗಿದ ಕ್ಷಣ ಕಾಲು ತೆಗೆಯಬೇಕು, ಹಟ ಮಾಡಬಾರದು. ಗುಡ್ಡೆಯನ್ನು ನೇರ ಹತ್ತಬೇಕು, ನೇರ ಇಳಿಯಬೇಕು, ಅಡ್ಡ ಹೋದರೆ ಗಾಡಿ ಉರುಳುತ್ತದೆ. ಪಾಕ್ ಹಾಶಿಮ್ ಬಾಯಲ್ಲಿ ಒಂದೇ ಮಂತ್ರ: "ಪೆಲಾನ್-ಪೆಲಾನ್, ಪುವಾನ್." ನಿಧಾನ ಅಮ್ಮಾ, ನಿಧಾನ.

ನಿಧಾನ ಎಮೆಲ್ಡಕ್ಕನ ಕೈಯಲ್ಲಿ ಮೊದಲೇ ಇತ್ತು. ಲ್ಯಾಬಿನ ಯಂತ್ರದ ಚಕ್ರಕ್ಕಿದ್ದ ಹದವನ್ನು ಈಗ ಪಾದಕ್ಕೆ ಕಲಿಸಿದರು, ಅಷ್ಟೆ. ಎರಡು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ಸುಬಾಂಗ್ ಜಯಾದ ಕಾಲೇಜಿನಲ್ಲಿ ಓದುತ್ತಿದ್ದ ಶರಲ್ ರಜೆಗೆ ಬಂದಾಗ ಕನ್ನಡದಲ್ಲೂ ಕೊಂಕಣಿಯಲ್ಲೂ ಎಲ್ಲ ಕೇಳಿಸಿಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು: "ಮಮ್ಮಿ, ಪ್ಲೀಸ್ ಲಾ. ಸೋ ಎಂಬರಾಸಿಂಗ್."

ನಾನು ಈ ಕತೆಯೊಳಗೆ ಬಂದದ್ದು ಕಳೆದ ವರ್ಷ. ಅದೂ ನನ್ನ ಇಚ್ಛೆಯಿಂದಲ್ಲ.

ಮಲೇಷ್ಯಾದಲ್ಲಿ ಮರುಭೂಮಿ ಇಲ್ಲ. ಆದರೆ ಮರುಭೂಮಿಗೆ ಇಲ್ಲಿಯ ಮಾತು 'ಪಾದಾಂಗ್ ಪಾಸಿರ್', ಮರಳಿನ ಮೈದಾನ. ಅಂಥ ಮೈದಾನ ಉಂಟು. ಪೆರಾಕ್ ರಾಜ್ಯದಲ್ಲಿ ಹಿಂದೆ ತವರದ ಗಣಿಗಳಿದ್ದವು. ಮಣ್ಣನ್ನು ನೀರಿನಲ್ಲಿ ತೊಳೆದು ತವರ ತೆಗೆದುಕೊಂಡು, ತೊಳೆದುಳಿದ ಮರಳನ್ನು ಚೆಲ್ಲುತ್ತಾ ಹೋದರು. ಗಣಿ ಮುಚ್ಚಿ ಎಷ್ಟೋ ದಶಕ ಕಳೆದರೂ ಆ ಬಿಳಿ ಮರಳಿನ ಮೇಲೆ ಸರಿಯಾಗಿ ಹುಲ್ಲೂ ಹುಟ್ಟಿಲ್ಲ. ಅಂಥದೊಂದು ಜಾಗದಲ್ಲಿ ಜೀಪಿನ ಹುಚ್ಚಿನವರ ಒಂದು ಕ್ಲಬ್ಬು ವರ್ಷಕ್ಕೊಮ್ಮೆ ಮೂವತ್ತೆಂಟು ಕಿಲೋಮೀಟರಿನ ಟ್ರಯಲ್ ನಡೆಸುತ್ತದೆ. ಎಮೆಲ್ಡಕ್ಕ ಹೆಸರು ಕೊಟ್ಟರು. ಒಂದು ಗಾಡಿಗೆ ಇಬ್ಬರು ಇರಲೇಬೇಕು, ಒಬ್ಬರು ಓಡಿಸಲು, ಇನ್ನೊಬ್ಬರು ದಾರಿ ಹೇಳಲು. ಹೆನ್ರಿ ಸರ್ ಬೆನ್ನುನೋವಿನ ಸರ್ಟಿಫಿಕೇಟು ತೋರಿಸಿದರು. ಅದನ್ನು ಬರೆದುಕೊಟ್ಟವರು ಅವರ ಸ್ನೇಹಿತರೇ, ಆ ವಿಷಯ ಬಿಡಿ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಮೆಲ್ಡಕ್ಕ ನನ್ನೆದುರು ಬಂದು ಕೂತರು.

"ಭಟ್ರೇ, ನಿಮಗೆ ನಕ್ಷೆ ಓದ್ಲಿಕ್ಕೆ ಬರ್ತದಾ?"

"ಬರ್ತದೆ. ಯಾಕೆ?"

"ಎಂತ ಇಲ್ಲ. ಬರುವ ಶನಿವಾರ ನೀವು ಫ್ರೀ ಅಂತ ಅನಿತಾ ಹೇಳಿದ್ಲು."

ಅನಿತಾ ನನ್ನ ಹೆಂಡತಿ. ಇಬ್ಬರೂ ಸೇರಿ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಶುಕ್ರವಾರ ಸಂಜೆಯೇ ಪೆರಾಕ್ ತಲುಪಿ ಉಳಿದುಕೊಂಡೆವು. ಶನಿವಾರ ಬೆಳಿಗ್ಗೆ ಏಳೂವರೆಗೆ ಹದಿನಾಲ್ಕು ಗಾಡಿಗಳು ಸಾಲಾಗಿ ನಿಂತವು. ಒಂದೊಂದಕ್ಕೂ ಉದ್ದನೆ ಕೋಲಿನ ತುದಿಗೆ ಕೆಂಪು ಬಾವುಟ, ಗುಡ್ಡೆಯ ಆಚೆಯಿಂದಲೂ ಕಾಣಲಿ ಎಂದು. ಮುಂದಿನ ಗಾಡಿ ಕ್ಲಬ್ಬಿನ ಮುಖ್ಯಸ್ಥರಾದ ಲಿಮ್ ಎಂಬ ಚೀನೀ ಹಿರಿಯರದ್ದು. ಎರಡನೆಯದು ಜೀವನ್ ಎಂಬ ನಮ್ಮ ಬೆಂಗಳೂರಿನ ಹುಡುಗನದ್ದು. ಸೈಬರ್‌ಜಯಾದ ಕಂಪನಿಯಲ್ಲಿ ಕೆಲಸ, ಮೂವತ್ತೆರಡು ವಯಸ್ಸು, ಎತ್ತರಿಸಿದ ಹೊಸ ಗಾಡಿ, ಅದರ ತುಂಬ ದೀಪ. ಜೊತೆಗೆ ಹೆಂಡತಿ ವಿಸ್ಮಯಾ, ಕೊರಳಲ್ಲಿ ಕ್ಯಾಮೆರಾ. ನಮ್ಮ ಮಾತು ಕಿವಿಗೆ ಬಿದ್ದು ಜೀವನ್ ಹತ್ತಿರ ಬಂದ.

"ಓಹ್, ಕನ್ನಡದವ್ರಾ! ಸೂಪರ್. ಆಂಟಿ, ಡ್ರೈವ್ ಮಾಡ್ತಿರೋದು ನೀವಾ? ನೀವು ಒಂದ್ ಕೆಲಸ ಮಾಡಿ, ಕೊನೇಲಿ ಬನ್ನಿ. ಎಲ್ರೂ ಹೋಗಿರೋ ದಾರಿ ಇರುತ್ತಲ್ಲ, ಈಜಿ ಆಗುತ್ತೆ."

"ಆಯ್ತು ಮಾರಾಯ" ಎಂದರು ಎಮೆಲ್ಡಕ್ಕ. ಕೊನೆಯಲ್ಲಿ ಹೋದರೆ ಮುಂದಿನ ಹದಿಮೂರು ಗಾಡಿ ಮರಳನ್ನು ಉತ್ತು ಮೆತ್ತಗೆ ಮಾಡಿರುತ್ತವೆ, ಅದು ಎಲ್ಲಕ್ಕಿಂತ ಕಷ್ಟದ ಜಾಗ ಎಂದು ನನಗೆ ಗೊತ್ತಾದದ್ದು ಆಮೇಲೆ. ಆದರೂ ಅವರು ಹದಿನಾಲ್ಕನೆಯವರಾಗಿಯೇ ನಿಂತರು. ಇಳಿದು ಟೈರಿನ ಗಾಳಿ ಬಿಟ್ಟು, ಪ್ರತಿ ಟೈರಿಗೂ ಅಳತೆ ಹಿಡಿದು ನೋಡಿ, ಮತ್ತೆ ಕೂತು ಶಿಲುಬೆಯ ಗುರುತು ಮಾಡಿಕೊಂಡರು. ನಾನೂ ಮನಸ್ಸಿನಲ್ಲಿ ಅನಂತೇಶ್ವರನನ್ನು ನೆನೆದೆ.

ಮೊದಲ ಹನ್ನೆರಡು ಕಿಲೋಮೀಟರು ಹೇಗೆ ಹೋಯಿತೆಂದರೆ, ದೋಣಿಯಲ್ಲಿ ಕೂತ ಹಾಗೆ. ಗಾಡಿ ಓಡುವುದಲ್ಲ, ತೇಲುತ್ತದೆ. ಮುಂಭಾಗ ತಾನಾಗಿ ಎಡಕ್ಕೆ ಹೊರಳಿದರೆ ಎಮೆಲ್ಡಕ್ಕ ಬಲಕ್ಕೆ ಎಳೆಯುತ್ತಿರಲಿಲ್ಲ, ಸ್ಟೇರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ಅದಕ್ಕೆ ಬೇಕಾದಷ್ಟು ಹೋಗಲು ಬಿಟ್ಟು, ಮೆಲ್ಲಗೆ ವಾಪಸ್ ತರುತ್ತಿದ್ದರು. ಸುತ್ತ ಕಣ್ಣು ಕುಕ್ಕುವ ಬಿಳುಪು. ನಡುನಡುವೆ ಹಳೆಯ ಗಣಿಯ ಹೊಂಡಗಳು, ಹಸಿರು ನೀಲಿ ನೀರು, ದಡದಲ್ಲಿ ಒಂಟಿ ಕಾಲಲ್ಲಿ ಬೆಳ್ಳಕ್ಕಿ. ನಾನು ನಕ್ಷೆಯನ್ನು ಒಂದು ಸಲ ತಲೆಕೆಳಗಾಗಿ ಹಿಡಿದದ್ದು ನಿಜ.

"ಭಟ್ರೇ, ಆ ಹೊಂಡ ನಮ್ಮ ಬಲಕ್ಕೆ ಬರ್ಬೇಕಲ್ವಾ? ಎಡಕ್ಕೆ ಉಂಟಲ್ಲ?"

"ಒಂದು ನಿಮಿಷ..."

"ನಿಧಾನ ನೋಡಿ. ಹೊಂಡ ಎಲ್ಲಿಗೂ ಹೋಗುದಿಲ್ಲ."

ಹದಿನೇಳನೇ ಕಿಲೋಮೀಟರಿನ ಹತ್ತಿರ ಅವರ ಕಣ್ಣಿಗೆ ಒಂದು ಕೆಂಪು ಬಾವುಟ ಬಿತ್ತು. ಇರಬೇಕಾದ ಕಡೆ ಇರಲಿಲ್ಲ ಅದು. ದಾರಿಯಿಂದ ಅರ್ಧ ಕಿಲೋಮೀಟರು ಬಲಕ್ಕೆ, ಓರೆಯಾಗಿ, ಅಲುಗಾಡದೆ ನಿಂತಿತ್ತು. ನಮ್ಮ ಮುಂದಿನವರು ದಾರಿಯನ್ನೇ ನೋಡುತ್ತಾ ಅದನ್ನು ಗಮನಿಸದೆ ದಾಟಿಹೋಗಿದ್ದರು.

ಜೀವನ್ ಹತ್ತಿರದ ದಾರಿ ಹಿಡಿಯಲು ಹೋಗಿದ್ದ. ಗುಡ್ಡೆ ಸುತ್ತುವ ಬದಲು ನಡುವೆ ಕಂಡ ಸಪಾಟು ಬೂದು ನೆಲದ ಮೇಲೆ ಗಾಡಿ ಬಿಟ್ಟಿದ್ದ. ಅದು ಮರಳಲ್ಲ. ತವರ ತೊಳೆದ ನೀರಿನ ಜೊತೆ ಬಂದ ನಯವಾದ ಕೆಸರು ಅಲ್ಲಿ ನಿಂತು ಒಣಗಿತ್ತು, ಮೇಲೆ ಹಪ್ಪಳದಂಥ ಸಿಪ್ಪೆ, ಕೆಳಗೆ ಗಂಜಿ. ಗಾಡಿ ಬಾಗಿಲ ಅರ್ಧದವರೆಗೆ ಮುಳುಗಿತ್ತು. ಜೀವನ್ ಮೊಣಕಾಲಿನವರೆಗೆ ಕೆಸರಲ್ಲಿ ನಿಂತಿದ್ದ. ವಿಸ್ಮಯಾ ಗಾಡಿಯ ಟಾಪಿನ ಮೇಲೆ ಕೂತು ಕ್ಯಾಮೆರಾ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದಳು.

"ಒಂದ್ ಗಂಟೆಯಿಂದ ಹಿಂಗೇ ಇದೀವಿ ಮೇಡಂ" ಎಂದು ಅಲ್ಲಿಂದಲೇ ಕೂಗಿದಳು. "ಬೇಡ ಅಂತ ಹೇಳ್ದೆ. ಕೇಳ್ಲಿಲ್ಲ."

"ವಿಸ್ಮಯಾ, ಈಗ ಬೇಡ" ಎಂದ ಜೀವನ್.

ಜೀವನ್‌ನ ವಾಕಿಟಾಕಿ ಕೆಸರಿಗೆ ಬಿದ್ದು ಕೆಟ್ಟಿತ್ತು, ನಮ್ಮದರಲ್ಲಿ ಲಿಮ್ ಸಿಕ್ಕರು. ಅವರು ಎರಡು ಹೊಂಡದಾಚೆ ಇದ್ದರು, ಹಿಂದಿರುಗಿ ಬರಲು ಒಂದೂವರೆ ಗಂಟೆ ಬೇಕು. ಗಾಡಿ ಮಾತ್ರ ನೋಡುತ್ತಿದ್ದಂತೆಯೇ ಇನ್ನೊಂದು ಬೆರಳಷ್ಟು ಕೆಳಗಿಳಿಯಿತು.

ಎಮೆಲ್ಡಕ್ಕ ಜೀಪನ್ನು ಗಟ್ಟಿ ಮರಳಿನ ಮೇಲೆ ದೂರದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು ಇಳಿದರು. "ಭಟ್ರೇ, ನಿಮ್ಮ ಕೊಡೆ ಕೊಡಿ." ಬಿಸಿಲಿಗೆಂದು ನಾನು ತಂದಿದ್ದ ಕಪ್ಪು ಕೊಡೆಯನ್ನು ಮುಚ್ಚಿ, ಅದರ ತುದಿಯಿಂದ ನೆಲ ಚುಚ್ಚುತ್ತಾ ಬೂದು ನೆಲದ ಅಂಚಿನಲ್ಲಿ ನಡೆದರು. ಒಂದು ಹೆಜ್ಜೆ, ಒಂದು ಚುಚ್ಚು. ಎರಡು ಕಡೆ ಕೊಡೆ ಹಿಡಿಯವರೆಗೆ ಇಳಿಯಿತು. ಕೊನೆಗೆ ಜೀವನ್ ಬಂದಿದ್ದ ಚಕ್ರದ ಗುರುತಿನ ಹಿಂದೆ, ಗಾಡಿಯಿಂದ ಇಪ್ಪತ್ತು ಮೀಟರಿನಲ್ಲಿ, ಕೊಡೆ ಇಳಿಯದ ಜಾಗ ಸಿಕ್ಕಿತು.

"ಇಲ್ಲಿಂದ ಎಳೀಬಹುದು. ಬಂದ ದಾರಿಯಲ್ಲೇ ಹಿಂದೆ" ಎಂದರು. "ಜೀವನ್, ನಿನ್ನ ಹತ್ರ ಹಗ್ಗ ಉಂಟಾ?"

"ಇದೆ ಆಂಟಿ. ಎಳೆದುಬಿಡಿ ಜೋರಾಗಿ, ಒಂದೇ ಸಲಕ್ಕೆ ಬರುತ್ತೆ."

"ಜೋರಾಗಿ ಎಳೆದ್ರೆ ನಿನ್ನ ಕೊಕ್ಕೆ ಕಿತ್ತು ನನ್ನ ಗ್ಲಾಸಿಗೆ ಬರ್ತದೆ. ಮೊದಲು ಅಗೆಯುವ."

ಅಗೆದೆವು. ಒಂದು ಸಲಿಕೆ, ಒಂದು ಬಕೆಟ್ಟು, ಮತ್ತೆ ಕೈ. ಹಿಂದಿನ ಚಕ್ರಗಳ ಬೆನ್ನಿಗೆ ಇಳಿಜಾರು ಮಾಡಿ, ಎರಡೂ ಗಾಡಿಯ ಮ್ಯಾಟುಗಳನ್ನು, ಅಂಚಿನಲ್ಲಿ ಬೆಳೆದಿದ್ದ ಒಣ ಹುಲ್ಲಿನ ಕಂತೆಗಳನ್ನು ಹಾಸಿದೆವು. ವಿಸ್ಮಯಾ ಕ್ಯಾಮೆರಾವನ್ನು ನಮ್ಮ ಜೀಪಿನಲ್ಲಿಟ್ಟು ಬಂದು ನನಗಿಂತ ಚುರುಕಾಗಿ ಅಗೆದಳು. ಎರಡು ಗಾಡಿಯ ಹಗ್ಗ ಜೋಡಿಸಿ ಕಟ್ಟಿದ ಮೇಲೆ ಎಮೆಲ್ಡಕ್ಕ ನಮ್ಮನ್ನೆಲ್ಲ ಹಗ್ಗದಿಂದ ದೂರ ಕಳಿಸಿ ಜೀಪು ಹತ್ತಿದರು.

ಹಗ್ಗ ಬಿಗಿಯಾಯಿತು. ಜೀವನ್‌ನ ಗಾಡಿ ಒಂದು ಅಡಿ ಅಲುಗಿತು, ಅಲ್ಲೇ ನಿಂತಿತು. ನಮ್ಮ ಜೀಪಿನ ಚಕ್ರ ಮರಳಿನಲ್ಲಿ ಸುತ್ತತೊಡಗಿತು.

"ಒತ್ತಿ ಆಂಟಿ, ಒತ್ತಿ! ಬರ್ತಿದೆ!" ಎಂದು ಜೀವನ್ ಅರಚಿದ.

ಅವರು ಕಾಲು ತೆಗೆದುಬಿಟ್ಟರು. ಇಂಜಿನ್ ಆಫ್ ಮಾಡಿ ಇಳಿದು ಬಂದು ನೋಡಿದರು. "ಎಡಗಡೆ ಚಕ್ರದ ಹಿಂದೆ ಇನ್ನೂ ಗೋಡೆ ಉಂಟು. ಮತ್ತೆ ಅಗೆಯುವ."

ಆ ಬಿಸಿಲಿನಲ್ಲಿ ಮತ್ತೆ ಅರ್ಧ ಗಂಟೆ. ನನ್ನ ಜನಿವಾರವೂ ಬೂದು ಬಣ್ಣಕ್ಕೆ ತಿರುಗಿತ್ತು. ಎರಡನೇ ಸಲ ಹಗ್ಗ ಬಿಗಿಯಾದಾಗ ಯಾರೂ ಕೂಗಲಿಲ್ಲ. ಜೀಪು ಹುಳುವಿನಂತೆ ಮುಂದೆ ಸರಿಯಿತು. ಕೆಸರಿನೊಳಗಿಂದ ಲೊಚ್ ಎಂದು ದೊಡ್ಡ ಸದ್ದು ಬಂತು, ಗಾಡಿ ಹಿಂದೆ ಹಿಂದೆ ಬರುತ್ತಾ ಬರುತ್ತಾ ಗಟ್ಟಿ ನೆಲ ಹತ್ತಿಬಿಟ್ಟಿತು. ವಿಸ್ಮಯಾ ಕುಣಿದಳು. ಜೀವನ್ ಕೆಸರು ಕೈಯನ್ನೇ ಮುಖಕ್ಕೆ ಒರೆಸಿಕೊಂಡು ಎಮೆಲ್ಡಕ್ಕನ ಎದುರು ಬಂದು ನಿಂತ.

"ಥ್ಯಾಂಕ್ಸ್ ಮೇಡಂ."

"ಬೆಳಿಗ್ಗೆ ಆಂಟಿ ಅಂತಿದ್ದೆಯಲ್ಲ, ಅದೇ ಸಾಕು" ಎಂದು ನಕ್ಕರು ಎಮೆಲ್ಡಕ್ಕ. "ಮೊದಲು ಮಕಾನ್. ನನಗೆ ಹಸಿವಾಗಿ ತಲೆ ತಿರುಗ್ತಾ ಉಂಟು."

ಜೀಪಿನ ನೆರಳಿನಲ್ಲಿ ನಾಲ್ವರೂ ಕೂತು ತಿಂದೆವು. ಅವರಿಗೆ ಇಡ್ಲಿಯಂಥ ಸಾನ್ನ ಮತ್ತು ಕೋಳಿ ಪದಾರ್ಥ, ನನಗೆಂದು ಅನಿತಾ ಕಟ್ಟಿಕೊಟ್ಟ ಚಿತ್ರಾನ್ನ. ಅಷ್ಟರಲ್ಲಿ ಲಿಮ್ ಬಂದರು. ಕೆಸರಿನಲ್ಲಿದ್ದ ಗುಂಡಿಯನ್ನೂ ನಮ್ಮ ಜೀಪನ್ನೂ ಎರಡೆರಡು ಸಲ ನೋಡಿದರು. "ಹೂ ಡ್ರೋವ್?" ಎಂದು ನನ್ನ ಕಡೆ ತಿರುಗಿ ಕೇಳಿದರು. ನಾನು ಎಮೆಲ್ಡಕ್ಕನನ್ನು ತೋರಿಸಿದೆ. ಅವರು ಸಾನ್ನ ಬಾಯಲ್ಲಿಟ್ಟುಕೊಂಡೇ ಕೈ ಎತ್ತಿದರು.

ಕೊನೆಯ ಪರೀಕ್ಷೆ ಮಧ್ಯಾಹ್ನ ಎರಡೂವರೆಗೆ. ದಾರಿಯ ಕೊನೆಯಲ್ಲಿ ಹಳೆಯ ಗಣಿಯವರು ಸುರಿದಿಟ್ಟ ಮರಳಿನ ಗುಡ್ಡ, ಐದು ಅಂತಸ್ತಿನ ಮನೆಯಷ್ಟು ಎತ್ತರ. ಇಲ್ಲಿ ಓಡಿಸುವವರೊಬ್ಬರೇ ಹತ್ತಿದರೂ ಸರಿ, ಹತ್ತದವರು ಸುತ್ತಿ ಹೋಗಬಹುದು. ಆಗಲೇ ಆರು ಗಾಡಿಯವರು ಸುತ್ತಿ ಹೋಗಿದ್ದರು. ಹೊತ್ತು ಮೀರಿತ್ತು, ಬಿಸಿಲಿಗೆ ಮರಳು ಹಿಟ್ಟಿನಂತಾಗಿತ್ತು.

"ಸುತ್ತಿ ಹೋಗುವ ಎಮೆಲ್ಡಕ್ಕ" ಎಂದೆ. ನನ್ನ ಮಟ್ಟಿಗೆ ಅದು ಸಲಹೆಯಲ್ಲ, ಬೇಡಿಕೆ.

"ಒಂದು ಸಲ ನೋಡುವ."

ಮೊದಲ ಸಲ ಮುಕ್ಕಾಲು ಹತ್ತಿ ಗಾಡಿ ಉಸಿರು ಬಿಟ್ಟಿತು. ಅವರು ಸ್ಟೇರಿಂಗ್ ಅಲುಗಿಸದೆ ಬಂದ ಗೆರೆಯಲ್ಲೇ ನೇರ ಹಿಂದಕ್ಕೆ ಇಳಿಸಿದರು. ಗ್ಲಾಸಿನಲ್ಲಿ ಬರೀ ಆಕಾಶ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಎರಡನೇ ಸಲ ಇನ್ನೂ ಹತ್ತು ಅಡಿ ಮೇಲೆ ಹೋಗಿ ನಿಂತಿತು. ಮತ್ತೆ ಹಿಂದಕ್ಕೆ. ಆಮೇಲೆ ಅವರು ಇಳಿದು, ಗುಡ್ಡದ ಬುಡದುದ್ದಕ್ಕೂ ಬರಿಗಾಲಲ್ಲಿ ಓಡಾಡಿ ಬಂದು, ಟೈರಿನಿಂದ ಇನ್ನಷ್ಟು ಗಾಳಿ ಬಿಟ್ಟರು. ಸ್ಪೇರ್ ಚಕ್ರ ಇಳಿಸಿದರು. ತಿಂಡಿಯ ಡಬ್ಬಿ ಇಳಿಸಿದರು. ಆಮೇಲೆ ನನ್ನ ಮುಖವನ್ನು ನೋಡಿದರು.

"ಭಟ್ರೇ, ಬೇಜಾರು ಮಾಡ್ಬೇಡಿ. ನಿಮ್ಮ ತೂಕ ಎಷ್ಟು?"

"ಎಂಬತ್ತಾರು."

"ಇಳೀರಿ ಮಾರಾಯ್ರೇ."

ದಾರಿ ಹೇಳಲು ಬಂದವನನ್ನೇ ಲಗೇಜಿನ ಜೊತೆ ಕೆಳಗಿಳಿಸಿ ಅವರೊಬ್ಬರೇ ಹೊರಟರು. ಈ ಸಲ ಎಡಕ್ಕೆ, ಗಾಳಿ ಹೊಡೆದು ಗಟ್ಟಿಯಾದ ಮಗ್ಗುಲು ಹಿಡಿದರು. ದೂರದಿಂದ ವೇಗ ಕೂಡಿಸಿಕೊಂಡು ಬಂದ ಜೀಪು ಗುಡ್ಡಕ್ಕೆ ಮುಖ ಕೊಟ್ಟಿತು. ಹಿಂದೆ ಬಿಳಿ ಮರಳಿನ ರೆಕ್ಕೆ ಎದ್ದಿತು. ಮುಕ್ಕಾಲು ದಾಟಿತು. ಸದ್ದು ಇಳಿಯತೊಡಗಿತು. ನಾನು, ಜೀವನ್, ವಿಸ್ಮಯಾ ಮೂವರೂ ಕುತ್ತಿಗೆ ಮುಂದೆ ಚಾಚಿ, ನಾವೇ ತಳ್ಳುವ ಹಾಗೆ ನಿಂತಿದ್ದೆವು. ಜೀಪು ನಿಂತೇಬಿಟ್ಟಿತೇನೋ ಎಂಬಷ್ಟು ನಿಧಾನವಾಯಿತು. ಆದರೆ ನಿಲ್ಲಲಿಲ್ಲ. ಮೂತಿ ಮೇಲೆದ್ದು, ಒಂದು ಕ್ಷಣ ನೆತ್ತಿಯಲ್ಲಿ ತೂಗಿ, ಆಚೆ ಬಾಗಿ ಕಾಣದಾಯಿತು. ಕೆಂಪು ಬಾವುಟ ಮಾತ್ರ ಗುಡ್ಡದ ತುದಿಯಲ್ಲಿ ಅಲ್ಲಾಡುತ್ತಿತ್ತು.

ಜೀವನ್ ನನ್ನನ್ನು ಅಪ್ಪಿಕೊಂಡ. ಅವನ ಕೆಸರೆಲ್ಲ ನನಗೆ ಹತ್ತಿತು.

ನಾನು ಗುಡ್ಡವನ್ನು ಕಾಲ್ನಡಿಗೆಯಲ್ಲಿ ಹತ್ತಬೇಕಾಯಿತು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಏದುಸಿರು ಬಿಡುತ್ತಾ ಮೇಲೆ ಮುಟ್ಟಿದಾಗ ಎಮೆಲ್ಡಕ್ಕ ಜೀಪಿನ ಪಕ್ಕ ಮರಳಿನ ಮೇಲೆ ಕಾಲು ಚಾಚಿ ಕೂತಿದ್ದರು. ಕೆಳಗೆ ಮೈಲುಗಟ್ಟಲೆ ಬಿಳುಪು, ನಡುವೆ ಚೆಲ್ಲಿದ ಹಾಗೆ ಹಸಿರು ಹೊಂಡಗಳು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ಎಂತಾಯ್ತು?" ಎಂದೆ.

"ಎಂತ ಇಲ್ಲ ಭಟ್ರೇ. ಅಮ್ಮ ಇದ್ದಿದ್ರೆ ಹೇಗೆ ಬೈತಿದ್ರು ಅಂತ ನೆನೆಸ್ತಾ ಇದ್ದೆ. ಈ ಪ್ರಾಯದಲ್ಲಿ ನಿನಗೆಂತ ಮರ್ಲಾ ಎಮ್ಮಿ, ಇಳಿ ಕೆಳಗೆ, ಅಂತ."

ನಾನೂ ಪಕ್ಕದಲ್ಲಿ ಕೂತೆ. ಗಾಳಿ ತಂಪಾಗಿ ಬೀಸುತ್ತಿತ್ತು.

ಗುಡ್ಡ ಹತ್ತಿದ್ದಕ್ಕೆ ಸಿಕ್ಕ ಅಂಕವನ್ನೂ ಸೇರಿಸಿ ಹದಿನಾಲ್ಕರಲ್ಲಿ ನಾವು ಬಂದದ್ದು ಹನ್ನೊಂದನೆಯವರಾಗಿ. ಕೆಸರಿನಲ್ಲಿ ಹೋದ ಹೊತ್ತನ್ನು ಕಳೆಯುತ್ತೇನೆಂದು ಲಿಮ್ ಹೇಳಿದರೂ ಎಮೆಲ್ಡಕ್ಕ ಒಪ್ಪಲಿಲ್ಲ. ಸೋಮವಾರ ಎಂಟಕ್ಕೆ ಲ್ಯಾಬಿನಲ್ಲಿ ಹಾಜರಿದ್ದರು. ವಿಸ್ಮಯಾ ತೆಗೆದ ಫೋಟೋವೊಂದನ್ನು ಶರಲ್ ತನ್ನ ಗೆಳತಿಯರಿಗೆಲ್ಲ ಕಳಿಸಿ ಕೆಳಗೆ 'ಮೈ ಮದರ್, ಓಕೆ?' ಎಂದು ಬರೆದಳಂತೆ. ಪಾಕ್ ಹಾಶಿಮ್‌ಗೆ ಗುಡ್ಡದ ಕತೆ ಹೇಳಿದಾಗ ಅವರು ಗುಡ್ಡದ ಸಂಗತಿ ಕೇಳಲೇ ಇಲ್ಲ. ಚಕ್ರ ಸುತ್ತಿದಾಗ ಕಾಲು ತೆಗೆದೆಯಾ ಎಂದಷ್ಟೇ ಕೇಳಿದರು. ತೆಗೆದೆ ಎಂದಾಗ ಒಂದು ಪೊಟ್ಟಣ ನಾಸಿ ಲೆಮಾಕ್ ಹೆಚ್ಚಿಗೆ ಕೊಟ್ಟರಂತೆ.

ಈಗ ಪಾಕ್ ಹಾಶಿಮ್‌ರಿಗೆ ಮೊಣಕಾಲು ನೋವು, ಮರಳಿಗೆ ಇಳಿಯುವುದಿಲ್ಲ. ಅಂಗಡಿಯಲ್ಲೇ ಕೂತು ನೋಡುತ್ತಾರೆ. ಭಾನುವಾರ ಬೆಳಿಗ್ಗೆ ಕ್ಲೆಬಾಂಗ್‌ನಲ್ಲಿ ಕಲಿಸುವವರು ಎಮೆಲ್ಡಕ್ಕ. ಕಲಿಯಲು ನಮ್ಮ ಆಸ್ಪತ್ರೆಯ ಇಬ್ಬರು ನರ್ಸುಗಳು, ವಿಸ್ಮಯಾ, ನನ್ನ ಅನಿತಾ, ಮತ್ತೆ ಧಾರವಾಡದಿಂದ ಹೊಸದಾಗಿ ಬಂದ ದಂತವೈದ್ಯೆ ವೇದವತಿ. ನಾನು ಹೆನ್ರಿ ಸರ್ ಜೊತೆ ಗಾಳಿಮರದ ನೆರಳಿನಲ್ಲಿ ಕೂರುತ್ತೇನೆ. ಅವರು ಉತ್ತರ ಪತ್ರಿಕೆ ತಿದ್ದುತ್ತಾರೆ.

ಕಳೆದ ವಾರ ವೇದವತಿ ಮೊದಲ ಸಲ ಒಬ್ಬಳೇ ಜೀಪು ತೆಗೆದುಕೊಂಡು ಹೋದಳು. ಹೋಗುವಾಗ "ಅಯ್ಯ ನಮ್ಮವ್ವ, ಈ ಸ್ಟೇರಿಂಗ್ ಹೊಳ್ಳವಲ್ದಲ್ರೀ!" ಎಂದು ಅವಳು ಕೂಗಿದ್ದು ಸಮುದ್ರದವರೆಗೆ ಕೇಳಿಸಿತು. ಎಮೆಲ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಓಡಿ ಹೋಗಲಿಲ್ಲ. ಜೀಪು ಒಂದು ಕಡೆ ತಡವರಿಸಿತು, ನಿಂತಿತು, ತುಸು ಹಿಂದೆ ಬಂದಿತು, ಮತ್ತೆ ಹೊರಟಿತು. ಎರಡು ಗುಡ್ಡೆ ಏರಿ ಇಳಿದು, ದೊಡ್ಡ ಸುತ್ತು ಹಾಕಿ ನಮ್ಮ ಮುಂದೆ ಬಂದು ತಾನಾಗಿ ನಿಂತಿತು. ವೇದವತಿಯ ಮುಖವೆಲ್ಲ ಬೆವರು, ಎರಡೂ ಕೈ ಇನ್ನೂ ಸ್ಟೇರಿಂಗ್ ಮೇಲೆ.

"ಎಮೆಲ್ಡಾ ಅಕ್ಕಾರ, ಇನ್ನೊಂದ್ ಸುತ್ತ ಹಾಕ್ಲೇನ್ರೀ?"

"ಹಾಕು, ಹಾಕು" ಎಂದರು ಎಮೆಲ್ಡಕ್ಕ. "ಡೀಸೆಲ್ ಬೇಕಾದಷ್ಟು ಉಂಟು."